ಕುಳಿತಲ್ಲಿಗೇ ಬಂದ ವಲಸೆ ಹಕ್ಕಿಗಳು: ನನ್ನ ಅನುಭವ

ಶರತ್ಕಾಲದ ವಲಸೆ ನೋಡಲು ಕಡಲತೀರಕ್ಕೆ ಹೋಗುವವರು ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು, ತೀರದುದ್ದಕ್ಕೂ ನಡೆಯುತ್ತಲೇ ಇರಬೇಕು ಎಂಬುದು ನಮ್ಮ ಬಳಗದ ಹಳೆಯ ನಂಬಿಕೆ. ನಾನು ಬಿಸಿಲೇರಿದ ಮೇಲೆ ಹೊರಟು ಒಂದೇ ಕಡೆ ನಾಲ್ಕು ತಾಸು ಕುಳಿತಿರುತ್ತೇನೆ ಎಂದಾಗ, ಮನೆಯಲ್ಲೇ ಕುಳಿತರೆ ಪ್ರಯಾಣದ ಖರ್ಚಾದರೂ ಉಳಿಯುತ್ತದೆ ಎಂದವರಿದ್ದರು. ಈ ಸಲದ ದೊಡ್ಡ ಉಬ್ಬರದ ದಿನ ಅವರಲ್ಲೇ ಒಬ್ಬರು ನನ್ನ ಟೆಲಿಸ್ಕೋಪಿಗೆ ಕಣ್ಣಿಟ್ಟು ಅರ್ಧ ಗಂಟೆ ಬಿಟ್ಟುಕೊಡಲಿಲ್ಲ. ಅದಕ್ಕೇ ಬರೆಯಲು ಕುಳಿತೆ.

ಇಳಿತದಲ್ಲಿ ಕೆಸರುಬಯಲು ಕಣ್ಣು ಹಾಯುವಷ್ಟು ದೂರ ತೆರೆದಿರುತ್ತದೆ, ಹಕ್ಕಿಗಳು ಅದರ ತುಂಬ ಚದುರಿರುತ್ತವೆ. ನಾವು ನಡೆದಷ್ಟೂ ಅವು ಮುಂದೆ ಸರಿಯುತ್ತವೆ. ನೀರು ಏರಿದಾಗ ಮೇಯಲು ಜಾಗವಿಲ್ಲದೆ ತಾವಾಗಿಯೇ ಒಂದು ದಿಣ್ಣೆಗೆ ಬಂದು ಸೇರುತ್ತವೆ. ಆ ದಿಣ್ಣೆ ಯಾವುದೆಂದು ಮುಂಚಿನ ಇಳಿತದಲ್ಲೇ ಹೋಗಿ ನೋಡಿಕೊಳ್ಳಬೇಕು: ಉಬ್ಬರದ ಗೆರೆಯ ಮೇಲ್ಭಾಗದಲ್ಲಿ ಹಿಕ್ಕೆ, ಉದುರಿದ ಪುಕ್ಕ, ಒತ್ತಾದ ಹೆಜ್ಜೆಗುರುತು. ಉಬ್ಬರ ತುಂಬುವುದಕ್ಕೆ ಎರಡು ತಾಸು ಮೊದಲೇ, ಒಂದು ಹಕ್ಕಿಯೂ ಬಾರದಿರುವಾಗ, ಸುಮಾರು ನೂರು ಮೀಟರ್ ದೂರದಲ್ಲಿ ತಗ್ಗಿ ಕುಳಿತುಬಿಡಬೇಕು. ಅವು ಬಂದ ಮೇಲೆ ನಾವು ಹೋದರೆ ಎದ್ದು ಹಾರುತ್ತವೆ. ನಾವಿರುವಲ್ಲಿಗೆ ಅವು ಬಂದರೆ ನೆಮ್ಮದಿಯಾಗಿ ಇಳಿಯುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಯನ್ನು ಫೋಟೊಗಾಗಿ ಎಬ್ಬಿಸಿ ಓಡಿಸುವುದನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಅದು ಕೂಡಿಟ್ಟ ಕೊಬ್ಬನ್ನು ನಾವು ಸುಡಿಸಿದಂತೆ.

ಸುಲಭಕ್ಕೆ ಕೈಗೂಡಿದ ವಿಧಾನವಲ್ಲ ಇದು. ಹುಣ್ಣಿಮೆ ಅಮಾವಾಸ್ಯೆಗಳ ನಂತರದ ಒಂದೆರಡು ದಿನ ಉಬ್ಬರ ದೊಡ್ಡದು, ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮನಾಗುವ ವಿಷುವದ ಆಸುಪಾಸಿನಲ್ಲಂತೂ ಇನ್ನೂ ದೊಡ್ಡದು. ಹಾಗಾಗಿ ಮೊದಲ ಕೆಲವು ವರ್ಷ ಉಬ್ಬರ ಇಳಿತದ ವೇಳಾಪಟ್ಟಿಯಲ್ಲಿನ ಅತಿ ದೊಡ್ಡ ಉಬ್ಬರದ ದಿನವನ್ನೇ ಆರಿಸುತ್ತಿದ್ದೆ. ಅಂಥ ದಿನ ದಿಣ್ಣೆಯೇ ಮುಳುಗುತ್ತಿತ್ತು. ಹಕ್ಕಿಗಳು ತಲೆಯ ಮೇಲೆ ಎರಡು ಸುತ್ತು ಹಾಕಿ ಒಳನಾಡಿನ ಬಯಲಿಗೆ ಹೋಗಿಬಿಡುತ್ತಿದ್ದವು. ಚಿಕ್ಕ ಉಬ್ಬರದಲ್ಲಿ ಕೆಸರು ಪೂರ್ತಿ ಮುಚ್ಚುವುದಿಲ್ಲ, ಅವು ದೂರದಲ್ಲೇ ಉಳಿಯುತ್ತವೆ. ದಿಣ್ಣೆಯ ನೆತ್ತಿ ಒಂದು ಗೇಣಿನಷ್ಟು ಮಾತ್ರ ಉಳಿಯುವ ಮಟ್ಟ ಯಾವುದೆಂದು ಕೋಲು ನೆಟ್ಟು ಗುರುತು ಮಾಡಿಕೊಂಡ ಮೇಲೆಯೇ ಫಲ ಸಿಕ್ಕಿತು. ಇನ್ನೊಂದು ವಿಷಯ. ದಿನಕ್ಕೆರಡು ಉಬ್ಬರ ಬರುವ ತೀರಗಳಲ್ಲಿ ಈ ದೊಡ್ಡ ಉಬ್ಬರಗಳು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬುತ್ತವೆ. ಆ ಹೊತ್ತಿನಲ್ಲಿ ಸೂರ್ಯ ಬೆನ್ನಿಗಿರುವ ಜಾಗವನ್ನು ಒಮ್ಮೆ ಗೊತ್ತು ಮಾಡಿಕೊಂಡರೆ ಸಾಕು.

ಹಣದ ಮಾತು. ಮುಂದಿನ ಮಸೂರ 80 ಮಿ.ಮೀ. ಅಗಲವಿರುವ ಟೆಲಿಸ್ಕೋಪ್ ಕೊಂಡು, ಅದಕ್ಕೆ ಅಗ್ಗದ ಟ್ರೈಪಾಡ್ ಜೋಡಿಸಿದವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಕಡಲಗಾಳಿಗೆ ಅದು ನಡುಗುತ್ತಲೇ ಇರುತ್ತದೆ. ನಾನು ದೊಡ್ಡದನ್ನು ಮಾರಿ 65 ಮಿ.ಮೀ.ಗೆ ಇಳಿದೆ, ಉಳಿದ ಹಣವನ್ನೆಲ್ಲ ಟ್ರೈಪಾಡಿಗೇ ಹಾಕಿದೆ. ಮಾರಿದ್ದರಲ್ಲಿ ಮೂರನೇ ಒಂದು ಭಾಗ ನಷ್ಟವಾಯಿತು, ಆದರೂ ಇಷ್ಟು ಲಾಭದ ವ್ಯವಹಾರ ಈ ಹವ್ಯಾಸದಲ್ಲಿ ನಾನು ಬೇರೆ ಮಾಡಿಲ್ಲ. ಹೇಗಿದ್ದರೂ ನಡುಹಗಲ ಕಾವಿನಲ್ಲಿ 60 ಪಟ್ಟು ವರ್ಧನೆ ಬರೀ ಬಿಸಿಗಾಳಿಯ ಅಲೆಯನ್ನು ತೋರಿಸುತ್ತದೆ. 30ರ ಆಚೆ ನಾನು ಹೋಗುವುದೇ ಅಪರೂಪ.

ಮೊದಲು ಹೇಳಿದ ಆ ದೊಡ್ಡ ಉಬ್ಬರದ ದಿನ ಬೆಳಿಗ್ಗೆ ಎದುರುಗಾಳಿಯಿತ್ತು, ಹಿಂದಿನ ರಾತ್ರಿ ಮಳೆ ಸುರಿದಿತ್ತು. ದಾಟಿಹೋಗಬೇಕಿದ್ದ ಹಕ್ಕಿಗಳು ಇಂಥ ಹವೆಯಲ್ಲೇ ತೀರಕ್ಕೆ ಇಳಿಯುವುದು. ಮೊದಲು ಬಂದವು ಪ್ಲವರ್‌ಗಳು, ಹಿಂದೆಯೇ ಟರ್ನ್‌ಸ್ಟೋನ್. ಆಮೇಲೆ ಡನ್ಲಿನ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳ ಹಿಂಡು, ಒಂದೂವರೆ ಸಾವಿರದ ಆಸುಪಾಸು ಇದ್ದಿರಬೇಕು. ಹತ್ತು ಹಕ್ಕಿ ಎಣಿಸಿ, ಅಷ್ಟಗಲದ ತುಂಡನ್ನು ಹಿಂಡಿನ ಉದ್ದಕ್ಕೂ ಅಳೆಯುತ್ತೇನೆ. ಎದ್ದು ಹಾರಿದಾಗ ಇನ್ನೊಮ್ಮೆ. ಎರಡರ ನಡುವೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಅಂತರ ಬಂದರೆ ಆ ಲೆಕ್ಕವನ್ನು ಬರೆದುಕೊಳ್ಳುವುದಿಲ್ಲ. ಎಬ್ಬಿಸುವ ಕೆಲಸವನ್ನು ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆಹಕ್ಕಿಯೊಂದು ತಾನೇ ಮಾಡಿತು. ಹಾರುವಾಗ ಬಿಳಿ ಸೊಂಟದವು ಕರ್ಲ್ಯೂ ಸ್ಯಾಂಡ್‌ಪೈಪರ್, ನಡುವೆ ಕಪ್ಪು ಗೆರೆಯಿದ್ದವು ಡನ್ಲಿನ್. ಕೆಲವೇ ಕ್ಷಣಗಳಲ್ಲಿ ಹಿಂಡು ತಾನಾಗಿಯೇ ಎರಡಾಗಿ ಕಂಡಿತು. ಬೆಳಿಗ್ಗೆಯಿಂದ ತೀರ ಸುತ್ತಿದ ಇಬ್ಬರು ಹೊಸ ಬೈನಾಕ್ಯುಲರ್ ಹಿಡಿದುಕೊಂಡು ಬಂದರು. ಅವರ ಪಟ್ಟಿಗಿಂತ ನನ್ನದು ಸುಮಾರು ಇಮ್ಮಡಿಯಿತ್ತು.

ನನಗೆ ಹೆಚ್ಚು ಸಂತೋಷ ಕೊಟ್ಟವು ಮರಿಗಳು. ದೊಡ್ಡವು ಮೊದಲೇ ಹೊರಡುತ್ತವೆ, ಅವುಗಳ ಪುಕ್ಕ ಸವೆದಿರುತ್ತದೆ. ಆ ವರ್ಷದ ಮರಿಗಳು ವಾರಗಟ್ಟಲೆ ತಡವಾಗಿ, ದಾರಿ ತೋರುವವರಿಲ್ಲದೆಯೂ ಬರುತ್ತವೆ. ಬೆನ್ನಿನ ಗರಿಗಳೆಲ್ಲ ಒಂದೇ ವಯಸ್ಸಿನವು, ಅಂಚು ಅಂಚಿಗೂ ತಿಳಿಬಣ್ಣ. ಬಾರ್‌ಟೇಲ್ಡ್ ಗಾಡ್‌ವಿಟ್ ಮರಿಯೊಂದು ದಿಣ್ಣೆಯ ತುದಿಯಲ್ಲಿ ನಿಂತಿತ್ತು. 2022ರ ಅಕ್ಟೋಬರಿನಲ್ಲಿ ಐದು ತಿಂಗಳ ಗಾಡ್‌ವಿಟ್ ಒಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿದ್ದನ್ನು ಉಪಗ್ರಹ ದಾಖಲಿಸಿದೆ. ಅದನ್ನು ತಿಳಿದ ಮೇಲೆ ಯಾವ ಗಾಡ್‌ವಿಟ್ ಮರಿಯನ್ನೂ ನಾನು ಅವಸರದಲ್ಲಿ ದಾಟಿಸಿ ನೋಡಿಲ್ಲ.

ಗಾಡ್‌ವಿಟ್ ಹಿಂಡು ದಿಣ್ಣೆಯ ಯಾವ ಮೂಲೆಗೆ ಇಳಿಯುತ್ತದೆ ಎಂದು ಅರ್ಧ ಗಂಟೆ ಮೊದಲೇ ಹೇಳಬಲ್ಲೆ. ಹೇಗೆಂದು ಇಲ್ಲಿ ಬರೆಯುವುದಿಲ್ಲ, ಕ್ಯಾಮೆರಾಗಳು ಆ ಮೂಲೆಗೇ ಹೋಗಿ ನಿಲ್ಲುತ್ತವೆ.

ಇದರ ಜೊತೆಗೆ ರಾತ್ರಿ ದಾಟಿಹೋಗುವ ಹಕ್ಕಿಗಳ ಕೂಗನ್ನು ಹಿಡಿಯುವ ಪ್ರಯತ್ನವೂ ನಡೆದಿದೆ. ಬಕೆಟ್ಟಿನೊಳಗೆ ಮೈಕ್ ಇಟ್ಟು, ಬಾಯಿಗೆ ತೆಳು ಪ್ಲಾಸ್ಟಿಕ್ ಕಟ್ಟಿ, ರೆಕಾರ್ಡರನ್ನು ಬೆಳಗಿನವರೆಗೆ ಬಿಡುತ್ತೇನೆ. ಮೊದಮೊದಲು ಅಲೆಯ ಸದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಬಕೆಟ್ಟನ್ನು ದಿಬ್ಬದ ಹಿಂಬದಿಗೆ ಒಯ್ದ ಮೇಲೆ ವಿಂಬ್ರೆಲ್‌ನ ಏಳು ಸ್ವರದ ಸಿಳ್ಳೆ ಸ್ಪಷ್ಟವಾಗಿ ಸಿಕ್ಕಿತು, ಹೆಚ್ಚಾಗಿ ನಡುರಾತ್ರಿಯ ನಂತರ. ಎರಡನೇ ಮೈಕ್ ಇಟ್ಟರೆ ಅವು ಯಾವ ದಿಕ್ಕಿಗೆ ಹೋಗುತ್ತಿವೆ ಎಂಬುದೂ ತಿಳಿಯಬಹುದು; ಟೆಲಿಸ್ಕೋಪಿನ ಹೊಸ ಕಣ್ಮಸೂರಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ಈ ವರ್ಷ ಅದಕ್ಕೇ ಬಳಸುತ್ತಿದ್ದೇನೆ.