ಆಫೀಸಿನ ಸಾಫ್ಟ್‌ವೇರ್ ಲೈಸೆನ್ಸ್‌ಗಳನ್ನು ಆನ್‌ಲೈನ್‌ನಲ್ಲೇ ಹದ್ದುಬಸ್ತಿನಲ್ಲಿ ಇಡುವುದು ಹೇಗೆ

ಒಂದು ಸೋಮವಾರ ಬೆಳಿಗ್ಗೆ ನಮ್ಮ ಡಿಸೈನ್ ಟೀಮಿನ ಎಲ್ಲರ ಕಂಪ್ಯೂಟರ್ ಮೇಲೂ ಒಂದೇ ಸಂದೇಶ: ನಿಮ್ಮ ಸಬ್‌ಸ್ಕ್ರಿಪ್ಷನ್ ಮುಗಿದಿದೆ. ಯಾರೂ ರದ್ದು ಮಾಡಿರಲಿಲ್ಲ. ಬ್ಯಾಂಕಿನವರು ಕಾರ್ಡ್ ಬದಲಿಸಿದ್ದರು, ಹಳೇ ಕಾರ್ಡಿಗೆ ಬಿಲ್ ಹೋಗಿ ವಾಪಸ್ ಬಂದಿತ್ತು. ಅದರ ಬಗ್ಗೆ ನಾಲ್ಕು ಮೇಲ್ ಬಂದಿದ್ದವು. ಆದರೆ ನಾಲ್ಕೂ ಹೋಗಿದ್ದು ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟವರ ಇನ್‌ಬಾಕ್ಸಿಗೆ. ಅಡ್ಮಿನ್ ಖಾತೆಯೂ ಅವರ ಹೆಸರಲ್ಲೇ ಇತ್ತು. ಪಾಸ್‌ವರ್ಡ್ ರೀಸೆಟ್ ಮಾಡೋಣ ಅಂದರೆ ಒಟಿಪಿ ಹೋಗುವುದು ಅವರ ಫೋನಿಗೆ! ಪುಣ್ಯಕ್ಕೆ ಅವರು ಫೋನ್ ಎತ್ತಿದರು.

ಸಿಡಿ ಮತ್ತು ಕೀ (ಸಾಫ್ಟ್‌ವೇರ್ ತೆರೆಯುವ ಸಂಕೇತ) ಇದ್ದ ಕಾಲದಲ್ಲಿ ಈ ಪಾಡು ಇರಲಿಲ್ಲ. ಒಮ್ಮೆ ಕೊಂಡರೆ ಮುಗಿಯಿತು, ಡಬ್ಬ ಬೀರುವಿನಲ್ಲಿ. 2013ರಲ್ಲಿ ಅಡೋಬಿ ಕಂಪನಿ ಹೊಸ ಆವೃತ್ತಿಗಳನ್ನು ಡಬ್ಬದಲ್ಲಿ ಮಾರುವುದು ಬಿಟ್ಟು ಕ್ರಿಯೇಟಿವ್ ಕ್ಲೌಡ್ ಅನ್ನುವ ಸಬ್‌ಸ್ಕ್ರಿಪ್ಷನ್ ಕಡೆ ಹೊರಳಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದೇ ದಾರಿ ಹಿಡಿದರು. ಈಗ ಲೈಸೆನ್ಸ್ ಅನ್ನುವುದು ವಸ್ತು ಅಲ್ಲ. ಒಬ್ಬ ವ್ಯಕ್ತಿಯ ಖಾತೆ ಮತ್ತು ಒಂದು ತಾರೀಖು, ಇವೆರಡರ ಗಂಟು ಅಷ್ಟೇ. ಹಾಗಾಗಿ ಯಾರು ಬಂದರು, ಯಾರು ಹೋದರು, ಯಾವ ದಿನ ಏನು ಮುಗಿಯುತ್ತದೆ ಅನ್ನುವುದನ್ನು ಹಿಡಿದುಕೊಂಡರೆ ಮುಕ್ಕಾಲು ಕೆಲಸ ಆದಂತೆ.

ಮೊದಲು ಬೀಗದ ಕೈ ಯಾರ ಹತ್ತಿರ ಇದೆ ನೋಡಿ

ಪ್ರತಿ ಸಾಫ್ಟ್‌ವೇರ್‌ನ ಖಾತೆ ನೋಡಿಕೊಳ್ಳುವ ವೆಬ್ ಪುಟಕ್ಕೂ (ಪೋರ್ಟಲ್) ಹೋಗಿ ಎರಡು ವಿಷಯ ಪರೀಕ್ಷಿಸಿ. ಅಡ್ಮಿನ್ ಯಾರು? ಬಿಲ್ಲು ಮತ್ತು ರಿನ್ಯೂವಲ್ ಮೇಲ್ ಯಾವ ವಿಳಾಸಕ್ಕೆ ಹೋಗುತ್ತಿದೆ? ಮೇಲ್‌ಗಳು ಒಬ್ಬ ವ್ಯಕ್ತಿಗೆ ಹೋಗಬಾರದು. ಲೈಸೆನ್ಸ್ ವಿಷಯಕ್ಕೇ ಅಂತ ಒಂದು ಗ್ರೂಪ್ ಮೇಲ್ ಮಾಡಿ, ಅದರಲ್ಲಿ ಐಟಿಯವರು ಒಬ್ಬರು, ಅಕೌಂಟ್ಸ್‌ನವರು ಒಬ್ಬರು ಇರಲಿ. ಆದರೆ ಅಡ್ಮಿನ್ ಲಾಗಿನ್ ಮಾತ್ರ ಎಲ್ಲರೂ ಹಂಚಿಕೊಳ್ಳುವ ಒಂದೇ ಖಾತೆ ಆಗಬಾರದು, ಆಮೇಲೆ ಯಾರು ಏನು ಬದಲಿಸಿದರು ಅಂತ ಗೊತ್ತಾಗುವುದೇ ಇಲ್ಲ. ಇಬ್ಬರಿಗೆ ಬೇರೆ ಬೇರೆ ಅಡ್ಮಿನ್ ಖಾತೆ ಕೊಡಿ, ಎರಡಕ್ಕೂ ಎರಡು ಹಂತದ ಲಾಗಿನ್ ಹಾಕಿ.

ಹಾಗಂತ ಸಿಕ್ಕಸಿಕ್ಕವರಿಗೆಲ್ಲ ಪೂರ್ತಿ ಅಧಿಕಾರ ಕೊಡಬೇಡಿ. ಮೈಕ್ರೋಸಾಫ್ಟ್ 365ರಲ್ಲಿ (ಮೇಲ್, ವರ್ಡ್, ಎಕ್ಸೆಲ್ ಎಲ್ಲ ಬರುವ ಸಬ್‌ಸ್ಕ್ರಿಪ್ಷನ್) ಪೂರ್ತಿ ಅಧಿಕಾರದ ಗ್ಲೋಬಲ್ ಅಡ್ಮಿನ್‌ಗಳು ಐದಕ್ಕಿಂತ ಕಡಿಮೆ ಇರಲಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. ಜೊತೆಗೆ, ಎಲ್ಲ ಕೈಕೊಟ್ಟಾಗ ಒಳಗೆ ಹೋಗಲು ಎರಡು ತುರ್ತು ಖಾತೆಗಳನ್ನು ಇಟ್ಟುಕೊಳ್ಳಿ ಅಂತಲೂ ಹೇಳುತ್ತಾರೆ. ಲೈಸೆನ್ಸ್ ಹಂಚುವವರಿಗೆ ಲೈಸೆನ್ಸ್ ಅಡ್ಮಿನ್, ಬಿಲ್ ನೋಡುವವರಿಗೆ ಬಿಲ್ಲಿಂಗ್ ಅಡ್ಮಿನ್ ಅಂತ ಚಿಕ್ಕ ಪಾತ್ರಗಳು ಇವೆ, ಅಷ್ಟು ಸಾಕು. ನೀವು ರೀಸೆಲ್ಲರ್ ಮೂಲಕ ಕೊಂಡಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: ಖಾತೆ ಮತ್ತು ಡೊಮೇನ್ ನಮ್ಮ ಹೆಸರಲ್ಲಿದೆಯೋ, ಅವರ ಹೆಸರಲ್ಲೋ? ಅವರ ಹೆಸರಲ್ಲಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಬದಲಿಸಿಕೊಳ್ಳಿ, ಜಗಳ ಆದ ಮೇಲೆ ಕಷ್ಟ.

ಪಟ್ಟಿ ಮಾಡುವುದು ಬೋರಿಂಗ್, ಆದರೂ ಮಾಡಿ

ದುಬಾರಿ ಟೂಲ್ ಏನೂ ಬೇಡ. ಐವತ್ತು ಅರವತ್ತು ಜನರ ಕಂಪನಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಸಾಫ್ಟ್‌ವೇರ್ ಹೆಸರು, ಲೈಸೆನ್ಸ್ ಬಗೆ, ಎಷ್ಟು ಸೀಟು (ಅಂದರೆ ಎಷ್ಟು ಜನರ ಲೆಕ್ಕದ ಲೈಸೆನ್ಸ್) ಕೊಂಡಿದ್ದೀರಿ, ಎಷ್ಟು ಹಂಚಿದ್ದೀರಿ, ರಿನ್ಯೂ ತಾರೀಖು, ರದ್ದು ಮಾಡಲು ಕೊನೆಯ ದಿನ, ಯಾವ ಕಾರ್ಡಿನಿಂದ ಹಣ ಹೋಗುತ್ತದೆ, ಮತ್ತು ಇದು ನಿಜವಾಗಿ ಬೇಕು ಅಂತ ಹೇಳಿದವರು ಯಾರು. ಈ ಕೊನೆಯ ಕಾಲಂ ಮರೆಯಬೇಡಿ. ಒಡೆಯನಿಲ್ಲದ ಸಾಫ್ಟ್‌ವೇರ್ ವರ್ಷಗಟ್ಟಲೆ ಸುಮ್ನೆ ರಿನ್ಯೂ ಆಗುತ್ತಾ ಹೋಗುತ್ತದೆ, ಯಾಕೆಂದರೆ ನಿಲ್ಲಿಸಿದರೆ ಯಾರಿಗೆ ತೊಂದರೆ ಆಗುತ್ತದೋ ಅನ್ನುವ ಹೆದರಿಕೆಗೆ ಯಾರೂ ಕೈ ಹಾಕುವುದಿಲ್ಲ.

ಏನೇನು ಕೊಂಡಿದ್ದೀರಿ ಅಂತ ಗೊತ್ತಾಗಲು ಜನರನ್ನು ಕೇಳುವುದಕ್ಕಿಂತ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ನೋಡುವುದು ಒಳ್ಳೆಯದು. ಅದೂ ಪೂರ್ತಿ ಹನ್ನೆರಡು ತಿಂಗಳದ್ದು. ಮೂರು ತಿಂಗಳದ್ದು ನೋಡಿದರೆ ವರ್ಷಕ್ಕೊಮ್ಮೆ ಕಟ್ಟುವವೆಲ್ಲ ಕಣ್ಣು ತಪ್ಪಿಸುತ್ತವೆ. ಸಿಬ್ಬಂದಿ ತಮ್ಮ ಕೈಯಿಂದ ಕಟ್ಟಿ ಆಮೇಲೆ ಖರ್ಚು ಅಂತ ವಾಪಸ್ ಪಡೆದವನ್ನೂ ನೋಡಿ. ಇನ್ನೊಂದು ಜಾಗ ಇದೆ. ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರುವ ಹೊರಗಿನ ಆ್ಯಪ್‌ಗಳ ಪಟ್ಟಿ ಅಡ್ಮಿನ್ ಪೋರ್ಟಲ್‌ನಲ್ಲೇ ಸಿಗುತ್ತದೆ. ಮೊದಲ ಸಲ ತೆಗೆದು ನೋಡಿದಾಗ ಎದೆ ಒಡೆಯುವುದು ಗ್ಯಾರಂಟಿ.

ಉಚಿತ ಅಂದುಕೊಂಡವನ್ನೂ ಪಟ್ಟಿಗೆ ಸೇರಿಸಿ. ಅಲ್ಲೇ ಎಡವುವುದು ಜಾಸ್ತಿ. ಡೆವಲಪರ್‌ಗಳು ಬಳಸುವ ಡಾಕರ್ ಡೆಸ್ಕ್‌ಟಾಪ್ ಸಣ್ಣ ಕಂಪನಿಗಳಿಗೆ ಉಚಿತ, ಆದರೆ 2021ರಲ್ಲಿ ಬಂದ ನಿಯಮದ ಪ್ರಕಾರ 250 ನೌಕರರಿದ್ದರೆ ದುಡ್ಡು ಕಟ್ಟಬೇಕು. ನೌಕರರು ಕಡಿಮೆ ಇದ್ದರೂ ವರಮಾನ ದೊಡ್ಡದಿದ್ದರೆ ಕಟ್ಟಲೇಬೇಕು. ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಉಚಿತ, ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಮಾತ್ರ ಕಂಪನಿ ಬಳಕೆಗೆ ಉಚಿತ ಅಲ್ಲ. ಒರಾಕಲ್‌ನವರ ಜಾವಾ ಅಂತೂ 2023ರ ಜನವರಿಯಿಂದ ಹೊಸ ಲೆಕ್ಕ ಹಿಡಿಯಿತು: ಜಾವಾ ಬಳಸುವವರನ್ನಲ್ಲ, ಕಂಪನಿಯ ಎಲ್ಲ ನೌಕರರನ್ನೂ ಎಣಿಸುತ್ತಾರೆ. ಒಂದು ಸರ್ವರ್‌ನಲ್ಲಿ ಮಾತ್ರ ಇದೆ ಸಾರ್ ಅಂದರೆ ನಡೆಯುವುದಿಲ್ಲ. ಜಾವಾದ ಉಚಿತ ರೂಪವಾದ ಓಪನ್‌ಜೆಡಿಕೆ ಸಾಕಾಗುತ್ತದೆಯೇ ಅಂತ ನಿಮ್ಮ ಡೆವಲಪರ್‌ಗಳನ್ನು ಕೇಳಿ, ಹೆಚ್ಚಿನ ಕಡೆ ಸಾಕಾಗುತ್ತದೆ.

ಬಗೆ ಗೊತ್ತಿಲ್ಲದೆ ಎಣಿಸಿದರೆ ಲೆಕ್ಕ ತಪ್ಪುತ್ತದೆ

ಹೆಸರಿಗೆ ಕಟ್ಟಿದ ಲೈಸೆನ್ಸ್ ಈಗ ಎಲ್ಲಕ್ಕಿಂತ ಸಾಮಾನ್ಯ. ಮೈಕ್ರೋಸಾಫ್ಟ್ 365ರ ಆಫೀಸ್ ಆ್ಯಪ್‌ಗಳಿರುವ ಪ್ಲಾನ್‌ನಲ್ಲಿ ಒಬ್ಬ ವ್ಯಕ್ತಿ ಐದು ಕಂಪ್ಯೂಟರ್, ಐದು ಟ್ಯಾಬ್ಲೆಟ್, ಐದು ಫೋನ್‌ಗಳಲ್ಲಿ ಹಾಕಿಕೊಳ್ಳಬಹುದು. ಅಂದರೆ ಐದು ಜನ ಒಂದು ಲೈಸೆನ್ಸ್ ಹಂಚಿಕೊಳ್ಳಬಹುದು ಅಂತ ಅಲ್ಲ, ಇದನ್ನು ತಪ್ಪಾಗಿ ತಿಳಿದವರನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ಅಡೋಬಿಯದ್ದು ಎರಡು ಕಂಪ್ಯೂಟರ್‌ನಲ್ಲಿ ಸೈನ್ ಇನ್ ಆಗಿರಬಹುದು, ಆದರೆ ಒಮ್ಮೆಗೆ ಒಂದರಲ್ಲೇ ಕೆಲಸ. ಪಾಳಿ ಮೇಲೆ ಮೂರು ಜನ ಕೂರುವ ಒಂದೇ ಕಂಪ್ಯೂಟರ್ ಇದ್ದರೆ, ಮೂರು ಹೆಸರಿಗೆ ಕೊಳ್ಳುವ ಮುಂಚೆ ಕಂಪ್ಯೂಟರ್ ಲೆಕ್ಕದ ಲೈಸೆನ್ಸ್ ಇದೆಯೇ ಅಂತ ವಿಚಾರಿಸಿ.

ಎಂಜಿನಿಯರಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇನ್ನೂ ಫ್ಲೋಟಿಂಗ್ ಲೈಸೆನ್ಸ್ ಇವೆ. ಹತ್ತು ಲೈಸೆನ್ಸ್ ಇದ್ದರೆ ಒಂದೇ ಹೊತ್ತಿನಲ್ಲಿ ಹತ್ತು ಜನ, ಯಾರಾದರೂ ಸರಿ. ಇಲ್ಲಿ ನೋಡಬೇಕಾದ್ದು ಒಟ್ಟು ಎಷ್ಟು ಜನ ಅನ್ನುವುದಲ್ಲ, ಅತಿ ಗಲಾಟೆಯ ಹೊತ್ತಿನಲ್ಲಿ ಒಟ್ಟಿಗೆ ಎಷ್ಟು ಜನ ತೆರೆದಿದ್ದರು ಅನ್ನುವುದು. ಲೈಸೆನ್ಸ್ ಸರ್ವರ್‌ನ ಲಾಗ್‌ನಲ್ಲಿ ಅದು ಸಿಗುತ್ತದೆ. ತೆರೆದಿಟ್ಟು ಊಟಕ್ಕೆ ಹೋಗುವವರು ಎಲ್ಲ ಕಡೆ ಇರುತ್ತಾರೆ. ಇನ್ನೂ ಎರಡು ಲೈಸೆನ್ಸ್ ಬೇಕು ಅಂತ ಕೋರಿಕೆ ಬಂದರೆ, ಸುಮ್ಮನಿರುವ ಸೆಷನ್‌ಗಳನ್ನು ಕಿತ್ತುಕೊಳ್ಳುವ ಟೈಮ್‌ಔಟ್ ಸೆಟ್ಟಿಂಗ್ ಮೊದಲು ಹಾಕಿ ನೋಡಿ. ಮನೆಯಿಂದ ಕೆಲಸ ಮಾಡುವವರಿಗೆ ಕಂಪನಿ ನೆಟ್‌ವರ್ಕಿಗೆ ಜೋಡಿಸುವ ವಿಪಿಎನ್ ಬೇಕಾಗುತ್ತದೆ, ಇಲ್ಲವಾದರೆ ಕೆಲವು ದಿನಕ್ಕೆ ಲೈಸೆನ್ಸ್ ಎರವಲು ಕೊಡುವ ಸೌಲಭ್ಯ.

ವಿಂಡೋಸ್ ಅನ್ನು ಕೆಎಂಎಸ್ ಸರ್ವರ್ (ಕಂಪನಿಯೊಳಗೇ ಇಟ್ಟುಕೊಳ್ಳುವ ಆಕ್ಟಿವೇಷನ್ ಸರ್ವರ್) ಮೂಲಕ ಆಕ್ಟಿವೇಟ್ ಮಾಡುವ ಕಂಪನಿಗಳಿಗೆ ಒಂದು ಮಾತು. ಕಡೇಪಕ್ಷ 25 ಕಂಪ್ಯೂಟರ್ ಇಲ್ಲದಿದ್ದರೆ ಅದು ಆಕ್ಟಿವೇಟ್ ಮಾಡುವುದೇ ಇಲ್ಲ. ಆದ ಆಕ್ಟಿವೇಷನ್ ಕೂಡ 180 ದಿನಕ್ಕೆ ಮಾತ್ರ. ಆರು ತಿಂಗಳು ಕಂಪನಿ ನೆಟ್‌ವರ್ಕ್ ಮುಟ್ಟದ ಲ್ಯಾಪ್‌ಟಾಪ್ ತಕರಾರು ತೆಗೆಯುವುದು ಅದಕ್ಕೇ.

ಹಂಚುವುದು

ಒಬ್ಬೊಬ್ಬರ ಹೆಸರು ತೆರೆದು ಟಿಕ್ ಹಾಕುವುದನ್ನು ಬಿಡಿ. ಅಕೌಂಟ್ಸ್, ಸೇಲ್ಸ್, ಡಿಸೈನ್ ಅಂತ ಗ್ರೂಪ್ ಮಾಡಿ, ಲೈಸೆನ್ಸನ್ನು ಗ್ರೂಪಿಗೆ ಕೊಡಿ. ಹೊಸಬರು ಬಂದರೆ ಗ್ರೂಪಿಗೆ ಸೇರಿಸಿದರೆ ಆಯಿತು. ಸೀಟು ಖಾಲಿ ಇಲ್ಲದಾಗ ಏನಾಗುತ್ತದೆ ಅನ್ನುವುದನ್ನು ಮಾತ್ರ ಮೊದಲೇ ತಿಳಿದುಕೊಳ್ಳಿ. ಕೆಲವು ಪೋರ್ಟಲ್‌ಗಳಲ್ಲಿ ಆ ವ್ಯಕ್ತಿಗೆ ಲೈಸೆನ್ಸ್ ಸಿಗುವುದಿಲ್ಲ, ಎಲ್ಲೋ ಮೂಲೆಯಲ್ಲಿ ಎರರ್ ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವು ಸೇವೆಗಳಲ್ಲಿ ಇದಕ್ಕೆ ತದ್ವಿರುದ್ಧ: ಯಾರೋ ಒಬ್ಬರಿಗೆ ಆಹ್ವಾನ ಕಳಿಸಿದ ಕೂಡಲೇ ತಾನಾಗಿಯೇ ಒಂದು ಸೀಟು ಸೇರಿ ಬಿಲ್ಲಿಗೆ ಹತ್ತುತ್ತದೆ. ಎರಡನೆಯದು ನನಗೆ ಕಂಡರಾಗದು. ಆಹ್ವಾನ ಕಳಿಸುವ ಹಕ್ಕನ್ನು ಅಡ್ಮಿನ್‌ಗೆ ಮಾತ್ರ ಬಿಡುವ ಸೆಟ್ಟಿಂಗ್ ಇದ್ದರೆ ಮೊದಲ ದಿನವೇ ಹಾಕಿ.

ಒಂದೇ ಲಾಗಿನ್ನಿನಿಂದ ಎಲ್ಲ ಆ್ಯಪ್ ತೆರೆಯುವ ಸಿಂಗಲ್ ಸೈನ್ ಆನ್ ವ್ಯವಸ್ಥೆ ಇದ್ದವರು ಒಂದು ಭ್ರಮೆಯಲ್ಲಿರುತ್ತಾರೆ. ಮುಖ್ಯ ಖಾತೆ ಮುಚ್ಚಿದರೆ ಎಲ್ಲ ಮುಚ್ಚಿತು ಅಂತ. ಬಾಗಿಲು ಮುಚ್ಚುತ್ತದೆ ನಿಜ, ಆದರೆ ಆ ಆ್ಯಪ್‌ನ ಒಳಗೆ ಸೀಟು ಹಾಗೇ ಕೂತಿರುತ್ತದೆ, ಬಿಲ್ಲೂ ಬರುತ್ತಿರುತ್ತದೆ. ಸೀಟನ್ನೂ ತಾನಾಗಿ ಬಿಡಿಸಬೇಕಾದರೆ ಸ್ಕಿಮ್ ಅನ್ನುವ ಇನ್ನೊಂದು ಜೋಡಣೆ ಬೇಕು. 2015ರಲ್ಲಿ ಇಂಟರ್‌ನೆಟ್ ಮಾನದಂಡವಾಗಿ ಬಂದದ್ದು, ಖಾತೆ ತೆರೆಯುವುದು ಮುಚ್ಚುವುದು ಎರಡನ್ನೂ ಆ್ಯಪ್‌ಗಳಿಗೆ ತಿಳಿಸುತ್ತದೆ. ಎಷ್ಟೋ ಸೇವೆಗಳು ಇದನ್ನು ದುಬಾರಿ ಪ್ಲಾನ್‌ನಲ್ಲಿ ಮಾತ್ರ ಕೊಡುತ್ತವೆ. ಇಲ್ಲದಿದ್ದರೆ ಕೈಯಾರೆ ತೆಗೆಯುವುದೇ ದಾರಿ.

ಬಿಟ್ಟು ಹೋಗುವವರ ದಿನ

ಇಲ್ಲಿ ಅವಸರ ಮಾಡಿದರೆ ಡೇಟಾ ಹೋಗುತ್ತದೆ, ಆಲಸ್ಯ ಮಾಡಿದರೆ ದುಡ್ಡು ಹೋಗುತ್ತದೆ. ಮೊದಲು ಲಾಗಿನ್ ತಡೆಯಿರಿ, ತೆರೆದಿರುವ ಸೆಷನ್‌ಗಳನ್ನು ಮುಗಿಸಿ. ಆಮೇಲೆ ಮೇಲ್ ಮತ್ತು ಫೈಲುಗಳನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ. ಲೈಸೆನ್ಸ್ ತೆಗೆಯುವುದು ಕೊನೆಗೆ. ಮೈಕ್ರೋಸಾಫ್ಟ್ 365ರಲ್ಲಿ ಲೈಸೆನ್ಸ್ ತೆಗೆದ ಮೇಲೆ ಮೇಲ್‌ಬಾಕ್ಸ್ 30 ದಿನ ಉಳಿಯುತ್ತದೆ, ಆಮೇಲೆ ಅಳಿಸಿ ಹೋಗುತ್ತದೆ. ಆ ವಿಳಾಸಕ್ಕೆ ಇನ್ನೂ ಮೇಲ್ ಬರುತ್ತಿದ್ದರೆ, ಲೈಸೆನ್ಸ್ ತೆಗೆಯುವ ಮೊದಲು ಅದನ್ನು ಹಲವರು ನೋಡಬಹುದಾದ ಶೇರ್ಡ್ ಮೇಲ್‌ಬಾಕ್ಸ್ ಆಗಿ ಬದಲಿಸಿ. 50 ಜಿಬಿ ಒಳಗಿದ್ದರೆ ಅದಕ್ಕೆ ಲೈಸೆನ್ಸೇ ಬೇಡ. ಇದೊಂದು ತಿಳಿಯದೆ ಬಿಟ್ಟು ಹೋದವರ ಹೆಸರಿಗೆ ವರ್ಷಗಟ್ಟಲೆ ಹಣ ಕಟ್ಟುವವರಿದ್ದಾರೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಸಸ್ಪೆಂಡ್ ಮಾಡಿದ ಖಾತೆಗೂ ಬಿಲ್ ಬರುತ್ತದೆ. ಅಳಿಸಿದರೆ 20 ದಿನದೊಳಗೆ ಮಾತ್ರ ವಾಪಸ್ ತರಬಹುದು. ಡ್ರೈವ್ ಫೈಲುಗಳನ್ನು ವರ್ಗಾಯಿಸದೆ ಅಳಿಸುವ ಬಟನ್ ಮುಟ್ಟಲೇಬೇಡಿ.

ಎಲ್ಲರೂ ಮರೆಯುವುದು ಇದನ್ನು: ವ್ಯಕ್ತಿಯಿಂದ ಲೈಸೆನ್ಸ್ ತೆಗೆದ ಮಾತ್ರಕ್ಕೆ ಬಿಲ್ ಇಳಿಯುವುದಿಲ್ಲ. ಅದು ನಿಮ್ಮ ಖಾಲಿ ಸೀಟುಗಳ ಸಾಲಿಗೆ ಸೇರುತ್ತದೆ, ಅಷ್ಟೇ. ಬಿಲ್ ಇಳಿಯಬೇಕಾದರೆ ಬೇರೆ ಪುಟಕ್ಕೆ ಹೋಗಿ ಕೊಂಡ ಸೀಟುಗಳ ಸಂಖ್ಯೆಯನ್ನೇ ಇಳಿಸಬೇಕು. ವರ್ಷದ ಒಪ್ಪಂದ ಇದ್ದರೆ ಅದೂ ಬೇಕಾದಾಗ ಆಗುವುದಿಲ್ಲ. ಮೈಕ್ರೋಸಾಫ್ಟ್‌ನ ಈಗಿನ ಪದ್ಧತಿಯಲ್ಲಿ ಕೊಂಡ ಅಥವಾ ರಿನ್ಯೂ ಆದ ಮೊದಲ 7 ದಿನದೊಳಗೆ ಮಾತ್ರ ಸೀಟು ಇಳಿಸಬಹುದು, ಆಮೇಲೆ ಅವಧಿ ಮುಗಿಯುವ ತನಕ ಕಾಯಬೇಕು. ಹೆಚ್ಚಿಸಲು ಮಾತ್ರ ಯಾವಾಗಲೂ ಬಾಗಿಲು ತೆರೆದೇ ಇರುತ್ತದೆ, ಅಲ್ವಾ!

ಅದಕ್ಕೇ ನಾನು ಎರಡು ಪಾಲು ಮಾಡುತ್ತೇನೆ. ಖಂಡಿತ ಇದ್ದೇ ಇರುವಷ್ಟು ಜನಕ್ಕೆ ವರ್ಷದ ಪ್ಲಾನ್, ಬಂದು ಹೋಗುವವರಿಗೆ ತಿಂಗಳಿನದ್ದು. ತಿಂಗಳಿನದ್ದು ಸ್ವಲ್ಪ ದುಬಾರಿ, ಆದರೆ ಎಂಟು ತಿಂಗಳು ಖಾಲಿ ಕೂರುವ ಸೀಟಿಗಿಂತ ಅಗ್ಗ.

ರಿನ್ಯೂವಲ್ ಮತ್ತು ಆಡಿಟ್

ಕ್ಯಾಲೆಂಡರ್‌ನಲ್ಲಿ ರಿನ್ಯೂ ತಾರೀಖು ಬರೆದರೆ ಸಾಲದು, 90 ಮತ್ತು 30 ದಿನ ಮುಂಚೆ ಜ್ಞಾಪನೆ ಹಾಕಿ. ಎಷ್ಟೋ ಒಪ್ಪಂದಗಳಲ್ಲಿ ಬೇಡ ಅನ್ನುವುದನ್ನು ಮೊದಲೇ ಬರೆದು ತಿಳಿಸಬೇಕು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊದಲ ಜ್ಞಾಪನೆ ಬಂದ ದಿನ ಕೊನೆಯ ಲಾಗಿನ್ ವರದಿ ತೆಗೆಯಿರಿ. ಎರಡು ತಿಂಗಳಿಂದ ಮುಟ್ಟದವರಿಗೆ ಒಂದು ಸಾಲಿನ ಮೇಲ್ ಕಳಿಸಿ: ಇದು ಇನ್ನೂ ಬೇಕಾ? ಬೇಡ ಅಂದವರದ್ದು ತೆಗೆಯಿರಿ. ಉತ್ತರ ಕೊಡದವರದ್ದನ್ನೂ ತೆಗೆಯಿರಿ, ಬೇಕಾದರೆ ಮಧ್ಯಾಹ್ನದೊಳಗೆ ಓಡಿ ಬರುತ್ತಾರೆ.

ಡೆವಲಪರ್‌ಗಳ ಟೂಲ್ ಮಾಡುವ ಜೆಟ್‌ಬ್ರೇನ್ಸ್‌ನವರಂತೆ ಹನ್ನೆರಡು ತಿಂಗಳು ಕಟ್ಟಿದ ಮೇಲೆ ಒಂದು ಹಳೇ ಆವೃತ್ತಿಯನ್ನು ಶಾಶ್ವತವಾಗಿ ಬಳಸಲು ಬಿಡುವವರೂ ಇದ್ದಾರೆ. ನಿಲ್ಲಿಸುವ ಮುಂಚೆ ಅಂಥದ್ದೇನಾದರೂ ಇದೆಯೇ ಓದಿ ನೋಡಿ.

ಸಾಫ್ಟ್‌ವೇರ್ ಮಾರಿದ ಕಂಪನಿಯಿಂದ ಲೈಸೆನ್ಸ್ ತಪಾಸಣೆ ಅಂತ ಮೇಲ್ ಬಂದರೆ ಗಾಬರಿಯಲ್ಲಿ ಅವರು ಕಳಿಸಿದ ಸ್ಕ್ರಿಪ್ಟನ್ನು ಆ ಕ್ಷಣವೇ ಓಡಿಸಬೇಡಿ. ಮೇಲ್ ಅಸಲಿಯೇ ಅಂತ ನೋಡಿ. ಒಪ್ಪಂದದಲ್ಲಿ ಆಡಿಟ್ ಬಗ್ಗೆ ಏನಿದೆ, ಎಷ್ಟು ದಿನದ ನೋಟಿಸ್ ಕೊಡಬೇಕು ಓದಿ. ನೀವೇ ಮೊದಲು ಎಣಿಸಿ, ಆಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಆಗ ಕೈಗೆ ಬರುವುದು ಹಳೇ ಇನ್‌ವಾಯ್ಸ್‌ಗಳು, ಆದ್ದರಿಂದ ಎಲ್ಲ ಪಿಡಿಎಫ್‌ಗಳೂ ಒಂದೇ ಫೋಲ್ಡರಿನಲ್ಲಿರಲಿ. ನೆಟ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಕೀಗಳಿಗೆ ಇಂಥ ಕಾಗದ ಇರುವುದಿಲ್ಲ. ಎಷ್ಟೋ ಸಲ ಅವು ಬೇರೆ ಸಂಸ್ಥೆ ಒಟ್ಟಿಗೆ ಕೊಂಡ ವಾಲ್ಯೂಮ್ ಕೀಗಳು. ಆಕ್ಟಿವೇಟ್ ಆಯಿತು ಅಂದ ಮಾತ್ರಕ್ಕೆ ಲೈಸೆನ್ಸ್ ನಿಮ್ಮದಾಗಲಿಲ್ಲ.

ಇನ್ನು ಆ ಸ್ಪ್ರೆಡ್‌ಶೀಟ್. ಅದರ ಒಂದು ಪ್ರತಿಯನ್ನು, ತುರ್ತು ಖಾತೆಯ ಕೋಡ್‌ಗಳ ಜೊತೆ ಪ್ರಿಂಟ್ ತೆಗೆದು ಬೀಗ ಇರುವ ಡ್ರಾಯರ್‌ನಲ್ಲಿ ಇಡಿ. ನಾವು ಇಟ್ಟಿದ್ದು ಕ್ಲೌಡ್ ಡ್ರೈವ್‌ನಲ್ಲಿ, ಒಂದು ಸಲ ಆ ಡ್ರೈವ್‌ನ ಲೈಸೆನ್ಸೇ ಮುಗಿದಿತ್ತು.