ಚುಕ್ಕಿ ಸರಿಸಿದವರು ಯಾರು? ಮ್ಯಾಪ್ ಅಡ್ಮಿನ್ ಪ್ಯಾನೆಲ್ ಕಟ್ಟಿದ ನನ್ನ ಅನುಭವ

ಹುಬ್ಬಳ್ಳಿಯ ವೀರಾಪುರ ಓಣಿಯ ಒಂದು ಅಂಗಡಿ ಒಂದು ದಿನ ಬೆಳಿಗ್ಗೆ ನಮ್ಮ ಮ್ಯಾಪ್‌ನಲ್ಲಿ ಉಣಕಲ್ ಕೆರೆಯ ನಟ್ಟನಡುವೆ ಕಾಣಿಸಿತು. ಹೊಸದಾಗಿ ಸೇರಿದ ಡೆಲಿವರಿ ಹುಡುಗ ಕೆರೆ ದಂಡೆಯ ಮೇಲೆ ಬೈಕ್ ನಿಲ್ಲಿಸಿ ಫೋನ್ ಮಾಡಿದ. ಡೇಟಾ ಎಂಟ್ರಿ ಮಾಡುವ ಅಕ್ಕನನ್ನು ಕೇಳಿದೆ. ಅವರು ಗಾಬರಿಯಾಗಿದ್ದರು. "ಸರ್, ನಾ ಏನೂ ಮುಟ್ಟಿಲ್ರಿ. ಬರೇ ಮ್ಯಾಪ್ ಸರಿಸೀನ್ರಿ."

ಅವರು ಹೇಳಿದ್ದು ನಿಜವಾಗಿತ್ತು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆ ಮ್ಯಾಪ್ ಸರಿಸುವಾಗ ಬೆರಳು ಒಂದು ಚುಕ್ಕಿಯ ಮೇಲೆ ಕೂತಿತ್ತು. ಮ್ಯಾಪ್ ಬದಲು ಚುಕ್ಕಿಯೇ ಜಾರಿತು. ಊರು ಪೂರ್ತಿ ಕಾಣುವಷ್ಟು ದೂರದಿಂದ ನೋಡುತ್ತಿದ್ದಾಗ ಬೆರಳಿನ ಒಂದಿಷ್ಟು ಎಳೆತ ಅಂದರೆ ಕಿಲೋಮೀಟರ್‌ಗಟ್ಟಲೆ. ನಾನು ಬರೆದ ಅಡ್ಮಿನ್ ಪ್ಯಾನೆಲ್, ಅಂದರೆ ಮ್ಯಾಪಿನ ಡೇಟಾ ತುಂಬುವ, ತಿದ್ದುವ ಪುಟ, ಅದನ್ನು ತಾನೇ ಸೇವ್ ಮಾಡಿತ್ತು. ತಪ್ಪು ಅವರದಲ್ಲ, ಪ್ಯಾನೆಲಿನದು.

ನಾನು ಇರುವುದು ಗೋಕುಲ ರೋಡಿನ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ. ಮನೆಬಾಗಿಲಿಗೆ ಸಾಮಾನು ತಲುಪಿಸುವ ಒಂದು ಸಂಸ್ಥೆಗಾಗಿ ಈ ಪ್ಯಾನೆಲ್ ಕಟ್ಟಿದೆವು. ಅಂಗಡಿಗಳು, ಗುರುತಿನ ಜಾಗಗಳು, ಬೈಕ್ ಹೋಗದ ಸಂದಿಗಳು, ಡೆಲಿವರಿ ಏರಿಯಾದ ಗಡಿಗಳು ಎಲ್ಲ ಅದರಲ್ಲಿವೆ. ಮೊದಲು ಹುಬ್ಬಳ್ಳಿ-ಧಾರವಾಡ ಮಾತ್ರ ಇತ್ತು, ಇಬ್ಬರೇ ಎಂಟ್ರಿ ಮಾಡುತ್ತಿದ್ದರು. ಆಮೇಲೆ ಗದಗ, ಹಾವೇರಿ ಸೇರಿದವು. ಜನವೂ ಜಾಸ್ತಿ ಆದರು.

ಚುಕ್ಕಿಗಳ ಸಂಖ್ಯೆ ಬೆಳೆದದ್ದು ಅಂಥ ದೊಡ್ಡ ತೊಂದರೆ ಆಗಲಿಲ್ಲ. ಮೊದಲು ಇಡೀ ಡೇಟಾ ಒಂದೇ ಜಿಯೋಜೇಸನ್ (ಮ್ಯಾಪ್ ಡೇಟಾವನ್ನು ಪಠ್ಯವಾಗಿ ಬರೆದಿಡುವ ಒಂದು ರೂಪ) ಆಗಿ ಬ್ರೌಸರಿಗೆ ಹೋಗುತ್ತಿತ್ತು, ಪೇಜ್ ಹ್ಯಾಂಗ್ ಆಗುತ್ತಿತ್ತು. ಸ್ಕ್ರೀನ್ ಮೇಲೆ ಕಾಣುವ ಚೌಕದೊಳಗಿನದನ್ನು ಮಾತ್ರ ಕೇಳುವಂತೆ ಮಾಡಿದೆವು. ನಮ್ಮ ಮ್ಯಾಪ್ ಡೇಟಾಬೇಸ್ ಪೋಸ್ಟ್‌ಜಿಐಎಸ್‌ನಲ್ಲಿ ಜಿಸ್ಟ್ ಇಂಡೆಕ್ಸ್ (ಜಾಗದ ಪ್ರಕಾರ ಬೇಗ ಹುಡುಕಿಕೊಡುವ ಸೂಚಿ) ಹಾಕಿದ ಮೇಲೆ ಆ ಪ್ರಶ್ನೆಗೆ ಥಟ್ಟನೆ ಉತ್ತರ ಬರತೊಡಗಿತು. ದೂರದಿಂದ ನೋಡುವಾಗ ಚುಕ್ಕಿಗಳನ್ನು ಗುಂಪು ಮಾಡಿ ಸಂಖ್ಯೆ ಮಾತ್ರ ತೋರಿಸಿದೆವು. ಪಕ್ಕದ ಪಟ್ಟಿಯಲ್ಲಿ ಪೇಜ್ ನಂಬರ್ ಬಿಟ್ಟು, ಕೊನೆಗೆ ತೋರಿಸಿದ ಸಾಲಿನ ಐಡಿಯಿಂದ ಮುಂದಿನ 50 ತರುವಂತೆ ಮಾಡಿದೆವು. ಇದಕ್ಕೆಲ್ಲ ದಾರಿ ಮೊದಲೇ ಗೊತ್ತಿರುತ್ತದೆ.

ಒಂದು ಮಾತ್ರ ತಲೆ ತಿಂದಿತು. ವೇಗಕ್ಕೆಂದು ಮ್ಯಾಪನ್ನು ವೆಕ್ಟರ್ ಟೈಲ್ ಎಂಬ ಚೌಕ ತುಂಡುಗಳಾಗಿ ಮಾಡಿ, ಅವುಗಳ ಪ್ರತಿಯನ್ನು ಕ್ಯಾಶ್‌ನಲ್ಲಿ (ಮತ್ತೆ ಬಳಸಲು ತೆಗೆದಿಡುವ ಜಾಗ) ಇಟ್ಟೆವು. ಅಕ್ಕ ಒಂದು ಅಂಗಡಿಯ ಜಾಗ ಸರಿಮಾಡಿ ಸೇವ್ ಒತ್ತಿದರೆ ಚುಕ್ಕಿ ಹಳೆಯ ಜಾಗದಲ್ಲೇ ಕಾಣುತ್ತಿತ್ತು. ಸೇವ್ ಆಗಿಲ್ಲ ಅಂದುಕೊಂಡು ಅವರು ಮತ್ತೆ ಮತ್ತೆ ಒತ್ತುತ್ತಿದ್ದರು, ಕೆಲವು ಸಲ ಹೊಸ ಚುಕ್ಕಿಯನ್ನೇ ಸೇರಿಸಿಬಿಡುತ್ತಿದ್ದರು. ಈಗ ಇತ್ತೀಚೆಗೆ ಬದಲಾದ ಚುಕ್ಕಿಗಳನ್ನು ಟೈಲ್‌ನಿಂದ ಮರೆಮಾಡಿ, ಅವನ್ನು ನೇರ ಡೇಟಾಬೇಸಿನಿಂದ ತಂದು ಮೇಲೆ ಬರೆಯುತ್ತೇವೆ. ಎಂಟ್ರಿ ಮಾಡುವವರಿಗೆ ತಾವು ಮಾಡಿದ್ದು ಕೂಡಲೇ ಕಣ್ಣಿಗೆ ಕಾಣಬೇಕು. ಸಾಮಾನ್ಯ ಬಳಕೆದಾರರಿಗೆ ಐದು ನಿಮಿಷ ಹಳೆಯ ಮ್ಯಾಪ್ ಸಾಕು, ಅಡ್ಮಿನ್‌ಗೆ ಐದು ಸೆಕೆಂಡ್ ಹಳೆಯದೂ ನಡೆಯುವುದಿಲ್ಲ.

ನಿಜವಾದ ಕಷ್ಟ ಬಂದದ್ದು ಕೈಗಳು ಜಾಸ್ತಿ ಆದಾಗ. ಕೆರೆಯ ಘಟನೆ ಆದ ಮೇಲೆ ನಾನು ಒಂದು ವಾರ ಎಂಟ್ರಿ ಮಾಡುವವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಆಮೇಲೆ ಪ್ಯಾನೆಲ್ ಅರ್ಧಕ್ಕರ್ಧ ಬದಲಾಯಿತು.

ಈಗ ಯಾವ ಚುಕ್ಕಿಯೂ ಸುಮ್ನೆ ಜರುಗುವುದಿಲ್ಲ. "ಜಾಗ ಬದಲಿಸಿ" ಎಂಬ ಬಟನ್ ಒತ್ತಿದರೆ ಆ ಒಂದು ಚುಕ್ಕಿ ಮಾತ್ರ ಸಡಿಲವಾಗುತ್ತದೆ. ಎಳೆಯುವಾಗ ಹಳೆಯ ಜಾಗದಿಂದ ಒಂದು ಗೆರೆ ಬರುತ್ತದೆ, ಅದರ ಮೇಲೆ ಎಷ್ಟು ಮೀಟರ್ ಸರಿಯಿತು ಅಂತ ಬರುತ್ತದೆ. 100 ಮೀಟರ್ ದಾಟಿದರೆ ಕಾರಣ ಬರೆಯದೆ ಸೇವ್ ಆಗುವುದಿಲ್ಲ. ಮೊದಮೊದಲು ಕಾರಣದ ಜಾಗದಲ್ಲಿ ಬರೀ ಒಂದು ಫುಲ್‌ಸ್ಟಾಪ್ ಇಟ್ಟು ಮುಂದೆ ಹೋಗುತ್ತಿದ್ದರು. ಅದಕ್ಕೇ "ಅಂಗಡಿ ಬೇರೆ ಕಡೆ ಹೋಗಿದೆ", "ಮೊದಲೇ ತಪ್ಪಿತ್ತು", "ಬಾಗಿಲು ಆ ಕಡೆ ಇದೆ" ಎಂಬ ಮೂರು ಆಯ್ಕೆ ಕೊಟ್ಟೆ. ಮೂರನೆಯದನ್ನು ಆರಿಸಿದವರು ಎಷ್ಟು ಜನ ಅಂತೀರಿ! ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಪ್ಲಾಟ್‌ಫಾರ್ಮ್ ಒಂದೇ 1,507 ಮೀಟರ್ ಉದ್ದ ಇದೆ. ಅಷ್ಟು ದೊಡ್ಡ ಜಾಗಕ್ಕೆ ಒಂದೇ ಚುಕ್ಕಿ ಇಟ್ಟರೆ ಸಾಮಾನು ತಂದವನು ಯಾವ ಗೇಟಿಗೆ ಹೋಗಬೇಕು? ಹಾಗಾಗಿ ಒಂದು ಜಾಗಕ್ಕೆ ಹಲವು ಬಾಗಿಲು ಸೇರಿಸುವ ವ್ಯವಸ್ಥೆ ಬಂತು. ಅದನ್ನು ಕಲಿಸಿದ್ದು ಆ ಮೂರನೆಯ ಆಯ್ಕೆ.

ಪ್ರತಿ ಬದಲಾವಣೆಯೂ ಡೇಟಾಬೇಸಿನ ಬೇರೆ ಟೇಬಲ್‌ನಲ್ಲಿ ಉಳಿಯುತ್ತದೆ. ಯಾರು, ಯಾವಾಗ, ಮೊದಲು ಹೇಗಿತ್ತು, ಎಲ್ಲ. ಅಳಿಸಿದ್ದು ಕೂಡ ನಿಜವಾಗಿ ಅಳಿಯುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಹಿಂದಕ್ಕೆ ತರುವ ಬಟನ್ ಎಂಟ್ರಿ ಮಾಡುವವರ ಕೈಯಲ್ಲೇ ಇದೆ, ಮ್ಯಾನೇಜರ್ ಹತ್ತಿರ ಅಲ್ಲ. ಇದಕ್ಕೆ ನಮ್ಮಲ್ಲಿ ಜಗಳವೇ ಆಯಿತು. ನಾನು ಪಟ್ಟು ಬಿಡಲಿಲ್ಲ. ತಪ್ಪನ್ನು ತಾವೇ ಸರಿಮಾಡಬಹುದು ಅಂತ ಗೊತ್ತಾದರೆ ಜನ ತಪ್ಪು ಮುಚ್ಚಿಡುವುದಿಲ್ಲ, ಅಲ್ವಾ? ಇಬ್ಬರು ಪ್ಯಾನೆಲಿನಲ್ಲಿ ಒಂದೇ ಅಂಗಡಿಯ ಮಾಹಿತಿ ತೆರೆದು ತಿದ್ದುತ್ತಿದ್ದರೆ ಎರಡನೆಯವರ ಸೇವ್ ನಿಲ್ಲುತ್ತದೆ. ಪ್ರತಿ ಸಾಲಿಗೂ ಒಂದು ವರ್ಷನ್ ನಂಬರ್ ಇದೆ, ಸೇವ್ ಮಾಡುವಾಗ ಅದು ತೆರೆದಾಗಿನ ನಂಬರಿಗೆ ಹೊಂದಬೇಕು. ಹೊಂದದಿದ್ದರೆ ಇಬ್ಬರದನ್ನೂ ಅಕ್ಕಪಕ್ಕ ತೋರಿಸುತ್ತೇವೆ.

ಎಕ್ಸೆಲ್ ಹಾಳೆಯಿಂದ ಒಟ್ಟಿಗೆ ತುಂಬುವ ಕೆಲಸ ಇನ್ನೊಂದು. ಹುಬ್ಬಳ್ಳಿ ಇರುವುದು ಸುಮಾರು 15.36 ಅಕ್ಷಾಂಶ, 75.12 ರೇಖಾಂಶದಲ್ಲಿ. ಗೂಗಲ್ ಮ್ಯಾಪ್ಸ್‌ನಿಂದ ಕಾಪಿ ಮಾಡಿದರೆ ಅಕ್ಷಾಂಶ ಮೊದಲು ಬರುತ್ತದೆ, ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು. ಅದಲು ಬದಲಾದರೆ ಅಂಗಡಿ ನಾರ್ವೆಯ ಉತ್ತರಕ್ಕೆ ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರಕ್ಕೆ ಹೋಗುತ್ತದೆ. ಈಗ ಹಾಳೆ ಮೊದಲು ಒಪ್ಪಿಗೆಗೆ ಕಾಯುವ ಬೇರೆ ಟೇಬಲ್‌ಗೆ ಬೀಳುತ್ತದೆ. ನಮ್ಮ ಜಿಲ್ಲೆಗಳ ಗಡಿಯ ಹೊರಗಿನದು ಕೆಂಪಾಗಿ ಕಾಣುತ್ತದೆ. ಮ್ಯಾಪ್ ಮೇಲೆ ನೋಡಿ ಒಪ್ಪಿದ ಮೇಲೇ ಅಸಲಿ ಟೇಬಲ್‌ಗೆ ಹೋಗುವುದು.

ಹೆಸರುಗಳ ಹುಡುಕಾಟದಲ್ಲಿ ನಮಗೆ ತುಂಬಾ ದಿನ ಹೋಯಿತು. ಮ್ಯಾದಾರ ಓಣಿ ಅಂತ ಒಬ್ಬರು ಬರೆಯುತ್ತಾರೆ, ಮೇದಾರ ಓಣಿ ಅಂತ ಇನ್ನೊಬ್ಬರು. ಹುಬ್ಬಳ್ಳಿಯ ಹೆಸರು ಇಂಗ್ಲಿಷಿನಲ್ಲಿ 2014ರಲ್ಲಿ Hubli ಹೋಗಿ Hubballi ಆದರೂ ಹಳೆಯ ಸ್ಪೆಲ್ಲಿಂಗ್ ಇನ್ನೂ ಬರುತ್ತದೆ. ಅದಕ್ಕೆ ಒಂದು ಜಾಗಕ್ಕೆ ಎಷ್ಟು ಬೇಕಾದರೂ ಹೆಸರು ಸೇರಿಸಬಹುದು ಅಂತ ಮಾಡಿದೆವು. ಆದರೂ "ಹೊಸೂರು" ಎರಡೆರಡು ಸಲ ಬರುತ್ತಿತ್ತು. ನೋಡಲು ಎರಡೂ ಒಂದೇ, ಹುಡುಕಿದರೆ ಒಂದೇ ಸಿಗುತ್ತಿತ್ತು. ಯೂನಿಕೋಡ್, ಅಂದರೆ ಅಕ್ಷರಗಳಿಗೆ ಕಂಪ್ಯೂಟರ್ ಕೊಡುವ ಕೋಡ್‌ಗಳನ್ನು ಬಿಡಿಸಿ ನೋಡಿದಾಗ ಗೊತ್ತಾಯಿತು. ಒಂದರಲ್ಲಿ "ಹೊ" ಅಕ್ಷರದ ಒತ್ವ ಒಂದೇ ಕೋಡ್ ಆಗಿತ್ತು, ಇನ್ನೊಂದರಲ್ಲಿ ಎತ್ವ ಮತ್ತು ಊತ್ವ ಸೇರಿ ಎರಡು ಕೋಡ್ ಆಗಿತ್ತು. ಸೇವ್ ಮಾಡುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ (ಬಿಡಿ ಕೋಡ್‌ಗಳನ್ನು ಕೂಡಿಸಿ ಒಂದೇ ರೀತಿ ಬರೆಯುವ ಯೂನಿಕೋಡ್ ಕ್ರಮ) ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಕನ್ನಡದಲ್ಲಿ ಡೇಟಾ ಇಡುವವರು ಈ ಒಂದು ಸಾಲನ್ನು ಮೊದಲ ದಿನವೇ ಬರೆದಿಡಿ.

ಗಡಿಗಳ ಕೆಲಸ ಇನ್ನೂ ಮುಗಿದಿಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವಾರ್ಡ್‌ಗಳು ಮೊದಲು 67 ಇದ್ದವು, ಆಮೇಲೆ 82 ಆದವು. ಹಳೆಯ ವರದಿಗೆ ಹಳೆಯ ಗಡಿ ಬೇಕು, ಹೊಸ ಆರ್ಡರಿಗೆ ಹೊಸದು. ಹೀಗಾಗಿ ಪ್ರತಿ ಗಡಿಗೂ ಎಂದಿನಿಂದ ಎಂದಿನವರೆಗೆ ಅಂತ ದಿನಾಂಕ ಇಟ್ಟಿದ್ದೇವೆ. ಡೆಲಿವರಿ ಏರಿಯಾಗಳದು ಬೇರೆ ತೊಡಕು. ಕೇಶ್ವಾಪುರದ ಗಡಿಯನ್ನು ಒಂದಿಷ್ಟು ಒಳಗೆ ತಳ್ಳಿದರೆ ಪಕ್ಕದ ಏರಿಯಾದ ಗಡಿ ಅಲ್ಲೇ ಉಳಿಯುತ್ತದೆ. ನಡುವೆ ಕೂದಲಿನಷ್ಟು ಖಾಲಿ ಪಟ್ಟಿ. ಅಲ್ಲಿರುವ ಮನೆಯ ಆರ್ಡರ್ ಯಾರ ಪಟ್ಟಿಗೂ ಬರುವುದಿಲ್ಲ. ಸದ್ಯಕ್ಕೆ ರಾತ್ರಿ ಒಂದು ಪ್ರೋಗ್ರಾಂ ಓಡಿ ಇಂಥ ಖಾಲಿಗಳನ್ನು ಹುಡುಕಿ ಬೆಳಿಗ್ಗೆ ಪಟ್ಟಿ ಕೊಡುತ್ತದೆ. ಎರಡು ಏರಿಯಾಗೂ ಒಂದೇ ಗೆರೆ ಇಟ್ಟು, ಅದನ್ನು ಎಳೆದರೆ ಎರಡೂ ಒಟ್ಟಿಗೆ ಬದಲಾಗುವಂತೆ ಮಾಡುವ ಕೆಲಸ ಈಗ ನನ್ನ ಟೇಬಲ್ ಮೇಲಿದೆ. ಮೊದಲ ವರ್ಷನ್ ತಯಾರಾದ ದಿನ ಅದೇ ಅಕ್ಕನ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡುತ್ತೇನೆ.