ಹೊಸಬರಿಗೆ ಮಾರ್ಗದರ್ಶಿ: ಮಲೆನಾಡಿನಲ್ಲಿ ದುಡಿಯುವ ಅಪ್ಪ-ಅಮ್ಮಂದಿರ ಅಡುಗೆ

ವರ್ಗವಾಗಿಯೋ ಹೊಸ ಕೆಲಸ ಸಿಕ್ಕಿಯೋ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಗೆ ಬಂದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಸಂಜೆಯ ಅಡುಗೆಯೇ ದೊಡ್ಡ ಚಿಂತೆ. ಅದರ ಮೇಲೆ, ಬಿಟ್ಟುಬಂದ ಊರಿನ ಲೆಕ್ಕಾಚಾರ ಇಲ್ಲಿಯ ಮಳೆಗಾಲದಲ್ಲಿ ನಡೆಯುವುದಿಲ್ಲ. ಇಡ್ಲಿ ಹಿಟ್ಟು ಹುದುಗು ಬರುವುದಿಲ್ಲ, ಗಾಳಿಮಳೆಗೆ ಕರೆಂಟು ಹೋದರೆ ಫ್ರಿಜ್ಜಿನಲ್ಲಿಟ್ಟದ್ದು ಕೆಡುತ್ತದೆ, ಡಬ್ಬಿಯ ರವೆ ಮುಗ್ಗಲು ಹಿಡಿಯುತ್ತದೆ. ಭಾನುವಾರ ಕೂತು ವಾರಕ್ಕಾಗುವಷ್ಟು ಕಾಯಿ ಮಸಾಲೆ ರುಬ್ಬಿಡುವ ಉಪಾಯವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೆಚ್ಚಿಕೊಳ್ಳಬೇಡಿ. ಅದರ ಬದಲು ಒಲೆಯ ಮೇಲೆ ಒಂದು ಕುಕ್ಕರ್, ಪಕ್ಕದಲ್ಲಿ ಸೊಪ್ಪು, ಕಾಯಿ ರುಬ್ಬಿ ಮಜ್ಜಿಗೆ ಬೆರೆಸಿದ ಒಂದು ತಂಬುಳಿ. ರಾತ್ರಿ ಊಟಕ್ಕೆ ಅಷ್ಟು ಧಾರಾಳ ಸಾಕು.

ಮೊದಲು ಕುಕ್ಕರ್. ನಾಲ್ಕು ಜನಕ್ಕೆ ಕೆಳಗಿನ ಪಾತ್ರೆಯಲ್ಲಿ ಅರ್ಧ ಲೋಟ ತೊಗರಿಬೇಳೆ, ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಮೇಲಿನದರಲ್ಲಿ ಒಂದೂವರೆ ಲೋಟ ಬೆಳ್ತಿಗೆ ಅಕ್ಕಿ (ಕುಚ್ಚಲು ಮಾಡದ ಬಿಳಿ ಅಕ್ಕಿ), ಮೂರು ಲೋಟ ನೀರು. 3–4 ಸೀಟಿ ಕೂಗಿಸಿ, ಆವಿ ತಾನಾಗಿ ಇಳಿಯಲಿ. ಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಬೇಳೆ ಕರಗದೆ ಕಾಳುಕಾಳಾಗಿ ಉಳಿಯುತ್ತದೆ. ಹರಿವೆ, ಬಸಳೆಯಂಥ ಸೊಪ್ಪನ್ನೂ ಮುಚ್ಚಳ ತೆಗೆದ ಮೇಲೆ ಹಾಕಿ ಐದಾರು ನಿಮಿಷ ಕುದಿಸಿದರಾಯಿತು. ಅಂಗಡಿಯವರು ಕುಚ್ಚಲಕ್ಕಿ ಕೊಟ್ಟಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಅದು ನಿಧಾನವಾಗಿ ಬೇಯುವ ಅಕ್ಕಿ. ಒಂದು ಗಂಟೆ ನೆನೆಸಿ, ಹೆಚ್ಚು ನೀರಿನಲ್ಲಿ ಬೇರೆಯಾಗಿಯೇ ಬೇಯಿಸಿ ಗಂಜಿ ಬಸಿಯಿರಿ.

ಸಾರಿಗೆ ಒಣ ಪುಡಿ ಮಾಡಿಟ್ಟುಕೊಳ್ಳಿ. ಕೊತ್ತಂಬರಿ ಬೀಜ 1 ಲೋಟ, ಬ್ಯಾಡಗಿ ಮೆಣಸಿನಕಾಯಿ 15–20, ಉದ್ದಿನಬೇಳೆ 2 ಚಮಚ, ಜೀರಿಗೆ 1 ಚಮಚ, ಮೆಂತ್ಯ ಅರ್ಧ ಚಮಚ. ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿಯಾಗುತ್ತದೆ. ಬಿಸಿ ಆರುವ ಮೊದಲು ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಗಂಟುಕಟ್ಟುತ್ತದೆ.

ಇನ್ನು ತಂಬುಳಿ

ಅವಸರದ ಮನೆಗೆ ಮಲೆನಾಡು ಕೊಟ್ಟ ಅತಿ ಒಳ್ಳೆಯ ಅಡುಗೆ ಇದು. ಹತ್ತು ನಿಮಿಷದ ಕೆಲಸ, ಸೊಪ್ಪು ಮುಟ್ಟದ ಮಕ್ಕಳ ಹೊಟ್ಟೆಗೂ ಸೊಪ್ಪು ಸೇರುತ್ತದೆ. ಒಂದೆಲಗ ಒಂದು ಹಿಡಿ, ಬೇರಿನ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, 4–5 ಕಾಳುಮೆಣಸು ಹುರಿದು, ಸೊಪ್ಪು ಹಾಕಿ ಬಾಡಿಸಿ. ಪೂರ್ತಿ ತಣಿದ ಮೇಲೆ ಅರ್ಧ ಲೋಟ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಬಿಸಿಯಿದ್ದಾಗಲೇ ಬೆರೆಸಿದರೆ ಮಜ್ಜಿಗೆ ಒಡೆಯುತ್ತದೆ. ಬೆರೆಸಿದ ಮೇಲೆ ಮತ್ತೆ ಒಲೆಗಿಡುವಂತಿಲ್ಲ. ಕಾಯಿಯೂ ಮಜ್ಜಿಗೆಯೂ ಇರುವುದರಿಂದ ಆ ಹೊತ್ತಿನ ಊಟಕ್ಕೇ ಮುಗಿಸಿ.

ದೊಡ್ಡಪತ್ರೆಯಾದರೆ ಎಲೆಯ ಬಣ್ಣ ಮಾಸಿ ಮೆತ್ತಗಾಗುವವರೆಗೆ ಬಾಡಿಸಲೇಬೇಕು. ಹಸಿ ಉಳಿದರೆ ಖಾರದ ಘಾಟು ಬಂದು ಮಕ್ಕಳು ತಟ್ಟೆ ದೂಡುತ್ತಾರೆ. ಒಂದು ಕುಂಡದಲ್ಲಿ ಅದರ ಕಡ್ಡಿ ನೆಟ್ಟರೆ ಸಾಕು, ಬಾಡಿಗೆ ಮನೆಯ ಮೆಟ್ಟಿಲ ಬದಿಯಲ್ಲೂ ಬೆಳೆಯುತ್ತದೆ. ಎಲೆ ಕೀಳುವ ಕೆಲಸ ಮಕ್ಕಳಿಗೆ ಬಿಡಿ. ತಾವೇ ಕಿತ್ತು ತಂದ ಸೊಪ್ಪನ್ನು ಬೇಡ ಅನ್ನುವ ಮಕ್ಕಳು ಕಡಿಮೆ. ಚಿಕ್ಕವರಿಗಾಗಿ ಬೇರೆ ಅಡುಗೆ ಮಾಡುವ ಗೋಜಿಗೆ ಹೋಗಬೇಡಿ. ಸಾರಿಗೆ ಖಾರದ ಪುಡಿ ಹಾಕುವ ಮೊದಲೇ ಅವರ ಪಾಲನ್ನು ತೆಗೆದಿಟ್ಟರೆ ಆಯಿತು.

ಬೆಳಿಗ್ಗೆಯ ತಿಂಡಿ

ಚಳಿ-ಮಳೆಯಲ್ಲಿ ಇಡ್ಲಿ ಹಿಟ್ಟಿಗೆ 8 ಗಂಟೆ ಸಾಲದು, 12–14 ಗಂಟೆ ಬೇಕಾಗುತ್ತದೆ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ, ಉಗುರು ಬೆಚ್ಚಗಿನ ನೀರಿನಲ್ಲಿ ರುಬ್ಬಿ. ಹಳ್ಳಿ ಮನೆಯಲ್ಲಿದ್ದರೆ ಪಾತ್ರೆಯನ್ನು ಬಚ್ಚಲ ಹಂಡೆ ಒಲೆಯ ಹತ್ತಿರವಿಡಿ, ಪೇಟೆಯಲ್ಲಾದರೆ ದಪ್ಪ ಬಟ್ಟೆ ಸುತ್ತಿಡಿ. ಅಷ್ಟೆಲ್ಲ ಯಾಕೆ ಎನಿಸಿದರೆ ಕಡುಬು ಕಲಿಯಿರಿ, ಅದಕ್ಕೆ ಹುದುಗಿನ ಹಂಗೇ ಇಲ್ಲ. ಒಂದು ಲೋಟ ಅಕ್ಕಿತರಿಗೆ ಎರಡೂಕಾಲು ಲೋಟ ನೀರು. ಕುದಿಯುವ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ತರಿ ಸುರಿಯುತ್ತಾ ತಿರುವಿ. ನೀರಿಂಗಿದ ಮೇಲೆ ಐದು ನಿಮಿಷ ಮುಚ್ಚಿಡಿ. ಕೈ ಒದ್ದೆ ಮಾಡಿಕೊಂಡು ಬೆಚ್ಚಗಿರುವಾಗಲೇ ಉಂಡೆ ಕಟ್ಟಿ, 12–15 ನಿಮಿಷ ಹಬೆಯಲ್ಲಿ ಬೇಯಿಸಿ. ಬಿರುಕು ಬಿಟ್ಟರೆ ನೀರು ಕಡಿಮೆಯಾಗಿದೆ, ಅಂಟಂಟಾದರೆ ತರಿ ತೀರಾ ಸಣ್ಣಗಿದೆ. ಗಿರಣಿಯಲ್ಲಿ ಹೇಳಿ ಉಪ್ಪಿಟ್ಟು ರವೆಯಷ್ಟು ದಪ್ಪಕ್ಕೆ ಒಡೆಸಿಕೊಳ್ಳಿ. ಉಳಿದ ಕಡುಬನ್ನು ಪುಡಿಮಾಡಿ ಒಗ್ಗರಣೆ ಹಾಕಿದರೆ ಮಕ್ಕಳ ಸಂಜೆಯ ತಿಂಡಿ.

ಇಲ್ಲಿಯ ಊಟದಲ್ಲಿ ಅಕ್ಕಿಯದೇ ಮೇಲುಗೈ. ಕಾಳು ಕಡಿಮೆ ಬೀಳುತ್ತದೆ. ವಾರಕ್ಕೆ ಮೂರು ದಿನವಾದರೂ ಹೆಸರುಕಾಳು, ಕಡಲೆ, ಅಲಸಂದೆಯ ಪಲ್ಯವೋ ಉಸಲಿಯೋ ಇರಲಿ, ಮೇಲೆ ನಿಂಬೆಹಣ್ಣು ಹಿಂಡಿ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಆ ಹುಳಿ ನೆರವಾಗುತ್ತದೆ. ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ಅದೇ ಕಬ್ಬಿಣಾಂಶಕ್ಕೆ ತಡೆ. ಒಂದು ಗಂಟೆ ಬಿಡಿ. ಮಳೆಗಾಲದಲ್ಲಿ ಮೊಳಕೆ ಕಾಳನ್ನು ದಿನಕ್ಕೆ ಎರಡು ಸಲ ತೊಳೆಯಿರಿ, ಹಸಿಯಾಗಿ ಕೊಡದೆ ಬೇಯಿಸಿ ಕೊಡಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಎರಡೂ ಒಂದೇ ಊಟಕ್ಕೆ ಬೇಡ. ದೊಡ್ಡವರಿಗೂ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಸುಮಾರು ಒಂದು ಸಣ್ಣ ಚಮಚ ಮೀರಬಾರದು.

ಜೋಳದ ಹಿಟ್ಟು, ರವೆಯನ್ನು ಮಳೆಗಾಲದಲ್ಲಿ 15 ದಿನಕ್ಕಾಗುವಷ್ಟೇ ತನ್ನಿ. ರವೆ ತಂದ ದಿನವೇ ಬೆಚ್ಚಗೆ ಹುರಿದಿಡಿ. ಮುಗ್ಗಲು ವಾಸನೆಯ ಶೇಂಗಾ ಕಂಡರೆ ಎಸೆದುಬಿಡಿ. ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗದು.

ಮೊದಲ ಮಳೆಗೆ ಸಂತೆಗೆ ಬರುವ ಕೆಲವನ್ನು ತಿಳಿಯದೆ ಬೇಯಿಸಬಾರದು. ಹಸಿ ಕಳಲೆಯನ್ನು (ಬಿದಿರಿನ ಎಳೆ ಮೊಳಕೆ) ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಕೆಸುವಿನ ಸೊಪ್ಪಿಗೆ ಹುಣಸೆಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಕಾಡಿನ ಅಣಬೆಯನ್ನು ಗುರುತು ಬಲ್ಲ ಹಿರಿಯರಿಗೆ ತೋರಿಸದೆ ಮನೆಯೊಳಗೆ ತರಬೇಡಿ.